ಆಳವಿಲ್ಲದ ಬಲೆಯ ಸೊಗಸು

ತುದಿಗೆ ಬಲೆಯಿರುವ ಕೋಲಿನಲ್ಲಿ ಚೆಂಡು ಹಿಡಿದೊಯ್ದು ಗೋಲು ಹೊಡೆಯುವ ಆಟ ಲ್ಯಾಕ್ರೋಸ್. ಅದನ್ನು ಎಲ್ಲಿ ನೋಡೋಣ ಎಂದು ಕೇಳಿದವರಿಗೆ ನಾನು ದೊಡ್ಡ ವಿಶ್ವವಿದ್ಯಾಲಯಗಳ ಸ್ಟೇಡಿಯಂ ತೋರಿಸುವುದಿಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ಮಿಡಲ್‌ಬರಿ ಕಾಲೇಜಿನ ಹೆಸರು ಹೇಳುತ್ತೇನೆ. ಅಲ್ಲಿರುವುದು ಮೂರು ಸಾವಿರದೊಳಗಿನ ವಿದ್ಯಾರ್ಥಿಗಳು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೂರನೇ ಡಿವಿಷನ್ನಿನ ಕಾಲೇಜಾದ್ದರಿಂದ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ. ಕೊರೆವ ಚಳಿಯಲ್ಲಿ ಅಭ್ಯಾಸಕ್ಕಿಳಿಯುವ ಹುಡುಗ ಹುಡುಗಿಯರು ಆಟದ ಹುಚ್ಚಿಗೇ ಇಳಿದವರು. 2001 ಮತ್ತು 2002ರಲ್ಲಿ ಇಲ್ಲಿನ ಪುರುಷರು, ಮಹಿಳೆಯರು ಇಬ್ಬರೂ ತಮ್ಮ ಡಿವಿಷನ್ನಿನ ರಾಷ್ಟ್ರೀಯ ಚಾಂಪಿಯನ್ನರಾದರು.

ಹೆಸರು ಒಂದೇ ಆದರೂ ಆಟ ಎರಡು. ಪುರುಷರಲ್ಲಿ ಹತ್ತು ಮಂದಿ. ಹೆಲ್ಮೆಟ್, ಗ್ಲೌಸ್, ಭುಜಕ್ಕೆ ಪ್ಯಾಡ್. ಮೈಗೆ ಮೈ ಡಿಕ್ಕಿ ಹೊಡೆಯಲು ಅವಕಾಶವಿದೆ. ಮಹಿಳೆಯರಲ್ಲಿ ಹನ್ನೆರಡು ಮಂದಿ. ಕಣ್ಣಿಗೆ ರಕ್ಷಣೆ, ಬಾಯಿಗೆ ಗಾರ್ಡ್, ಅಷ್ಟೇ. ಡಿಕ್ಕಿ ನಿಷಿದ್ಧ. ಆದರೆ ನನ್ನ ಕಣ್ಣಿಗೆ ನಿಜವಾದ ವ್ಯತ್ಯಾಸ ಇರುವುದು ಕೋಲಿನ ತುದಿಯ ಬಲೆಯಲ್ಲಿ.

ಪುರುಷರ ಬಲೆ ಆಳವಾಗಿದೆ, ಚೆಂಡು ಒಳಗೆ ಅಡಗಿ ಕೂರುತ್ತದೆ. ಮಹಿಳೆಯರ ಬಲೆಯಲ್ಲಿ ಚೆಂಡಿನ ನೆತ್ತಿ ಪಕ್ಕದ ಅಂಚಿಗಿಂತ ಕೆಳಗಿಳಿಯಬಾರದು. ಅಂಪೈರ್ ಬಲೆಯೊಳಗೆ ಚೆಂಡಿಟ್ಟು, ಕೈಯಲ್ಲಿ ಒತ್ತಿ, ಕೋಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಡ್ಡಲಾಗಿ ನೋಡುತ್ತಾರೆ. ಚೆಂಡು ಅಂಚಿನಡಿ ಮರೆಯಾಯಿತೋ, ಆ ಕೋಲು ಹೊರಗೆ. ಇಂಥ ಆಳವಿಲ್ಲದ ಬಲೆಯಲ್ಲಿ ಚೆಂಡು ಉಳಿಸಿಕೊಂಡು ಓಡಬೇಕಾದರೆ ಮಣಿಕಟ್ಟು ಒಂದು ಕ್ಷಣವೂ ಸುಮ್ಮನಿರುವಂತಿಲ್ಲ. ಎದುರಾಳಿಯ ಕೋಲು ಬಂದಾಗ ಇಡೀ ಮೈಯೇ ತಿರುಗಿ ಚೆಂಡಿಗೆ ಅಡ್ಡವಾಗುತ್ತದೆ. ಈ ನಾಜೂಕಿಗಾಗಿಯೇ ನಾನು ಮಹಿಳೆಯರ ಆಟವನ್ನು ಒಂದು ತೂಕ ಮೇಲಿಡುತ್ತೇನೆ.

ಆಟ ಶುರುವಾಗುವ ರೀತಿಯನ್ನೇ ನೋಡಿ. ಪುರುಷರು ನೆಲಕ್ಕೆ ಬಗ್ಗಿ, ನಡುವೆ ಇಟ್ಟ ಚೆಂಡಿಗಾಗಿ ಕೋಲು ಅಮುಕಿ ಗುದ್ದಾಡುತ್ತಾರೆ. ಮಹಿಳೆಯರು ನಿಂತೇ ಇರುತ್ತಾರೆ. ಇಬ್ಬರ ಬಲೆಗಳ ಬೆನ್ನುಗಳ ನಡುವೆ ಚೆಂಡು ಸಿಕ್ಕಿಕೊಂಡಿರುತ್ತದೆ. ಸೀಟಿ ಊದುತ್ತಲೇ ಕೋಲುಗಳು ಮೇಲಕ್ಕೆ ಚಿಮ್ಮುತ್ತವೆ, ಚೆಂಡು ಇಬ್ಬರ ತಲೆಗಿಂತ ಎತ್ತರಕ್ಕೆ ಹಾರಲೇಬೇಕು. ಗೋಲಾದಾಗಲೆಲ್ಲ ಇದೇ ಮರುಕಳಿಸುವುದರಿಂದ, ಇದನ್ನು ಗೆಲ್ಲುವವಳಿದ್ದರೆ ಅವಳ ತಂಡ ಎದುರಾಳಿಗೆ ಚೆಂಡೇ ಮುಟ್ಟಗೊಡದೆ ಮೂರು ನಾಲ್ಕು ಗೋಲು ಪೇರಿಸಬಲ್ಲದು.

ಆಟ ಮಹಿಳೆಯರ ಕೈ ಸೇರಿದ್ದು ಹೀಗೆ: ಉತ್ತರ ಅಮೆರಿಕದ ಮೂಲನಿವಾಸಿಗಳ ಈ ಆಟ ಸ್ಕಾಟ್ಲೆಂಡಿನ ಸೇಂಟ್ ಲಿಯೊನಾರ್ಡ್ಸ್ ಎಂಬ ಹೆಣ್ಣುಮಕ್ಕಳ ಶಾಲೆಗೆ 1890ರಲ್ಲಿ ಬಂತು. ಅಲ್ಲಿ ಕಲಿತ ರೋಸಬೆಲ್ ಸಿಂಕ್ಲೇರ್ 1926ರಲ್ಲಿ ಅದನ್ನು ಬಾಲ್ಟಿಮೋರಿನ ಬ್ರಿನ್ ಮಾರ್ ಶಾಲೆಯ ಹುಡುಗಿಯರಿಗೆ ಕಲಿಸಿದರು.

ಮಿಡಲ್‌ಬರಿಯಲ್ಲಿ ಇಂಥ ಕಲಿಕೆ ಕೈಯಿಂದ ಕೈಗೆ ದಾಟಿದೆ. ಮಿಸ್ಸಿ ಫೂಟ್ ದಶಕಗಳ ಕಾಲ ಮಹಿಳಾ ತಂಡದ ಕೋಚ್ ಆಗಿದ್ದರು. ಅವರ ಗರಡಿಯಲ್ಲಿ ಆಡಿದ ಕೇಟ್ ಲಿವ್‌ಸೇ ಅವರ ನಂತರ ಬಂದು 2016, 2019, 2022, 2023, 2024ರಲ್ಲಿ ಪ್ರಶಸ್ತಿ ತಂದರು. ಪುರುಷರಿಗೆ 2002ರ ಎತ್ತರ ಮತ್ತೆ ಕೈಗೆಟುಕಿಲ್ಲ. ಆದರೂ ಆ ತಂಡದ ಬಗ್ಗೆ ನನಗೆ ಬಹಳ ಪ್ರೀತಿ, ಕಾರಣ ಪೀಟರ್ ಕೋನ್. ಅವರು ಕೋಚೂ ಅಲ್ಲ, ಆಟಗಾರರೂ ಅಲ್ಲ. ಚೆಂಡು, ನೀರು, ಸಾಮಾನು ನೋಡಿಕೊಳ್ಳುತ್ತಿದ್ದ ಮ್ಯಾನೇಜರ್. ಇವತ್ತು ಕಾಲೇಜಿನ ಮೈದಾನಕ್ಕೆ ಅವರದೇ ಹೆಸರು. ರಾಷ್ಟ್ರೀಯ ಲ್ಯಾಕ್ರೋಸ್ ಹಾಲ್ ಆಫ್ ಫೇಮ್‌ನಲ್ಲೂ ಅವರಿದ್ದಾರೆ.

ಬಾಸ್ಟನ್ ಕಡೆಯ ಕನ್ನಡಿಗರು ವರ್ಮಾಂಟ್‌ವರೆಗೆ ಹೋಗಬೇಕೆಂದೇನಿಲ್ಲ. ಊರಿಗೆ ಅಂಟಿಕೊಂಡೇ ಇರುವ ಟಫ್ಟ್ಸ್ ವಿಶ್ವವಿದ್ಯಾಲಯ ಕೂಡ ಮಿಡಲ್‌ಬರಿ ಆಡುವ ಲೀಗಿನದೇ. ಏಪ್ರಿಲ್‌ನ ಒಂದು ಶನಿವಾರ ಹೋಗಿ ಕುಳಿತು, ಮೊದಲ ಕಾಲು ಭಾಗ ಚೆಂಡನ್ನು ಮರೆತು ಮಣಿಕಟ್ಟುಗಳನ್ನೇ ನೋಡಿ.