ನಿಂತು ತಿನ್ನುವ ಸುಖ

ಬೆಂಗಳೂರಿಗೆ ಬಂದ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ದರ್ಶಿನಿ, ಅಂದರೆ ನಿಂತೇ ತಿನ್ನುವ ಹೋಟೆಲು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯ ಕೆಫೆ ದರ್ಶಿನಿ ಶುರುವಾಯಿತು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಅಡುಗೆಮನೆ ಎಲ್ಲರ ಕಣ್ಣೆದುರೇ. ಆ ಉಳಿತಾಯದಿಂದಲೇ ತಿಂಡಿ ಅಗ್ಗವಾಯಿತು.

ಚೀಟಿ ಕೊಟ್ಟು ನಿಂತರೆ ದೋಸೆ ಭಟ್ಟರ ಕೈಚಳಕ ನೋಡಬಹುದು: ಕಾದ ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಹಿಟ್ಟು ಹುಯ್ದು ಒಂದೇ ಸುತ್ತಿನಲ್ಲಿ ಹರಡುತ್ತಾರೆ. ಕೆಂಪು ಚಟ್ನಿ ಸವರಿದ ದೋಸೆ ಗರಿಗರಿ ಇರುವಾಗಲೇ ಕೈಗೆ ಬರುತ್ತದೆ.

ಎದೆಮಟ್ಟದ ಮೇಜಿನ ಸುತ್ತ ಆಟೋ ಚಾಲಕರು, ಬ್ಯಾಂಕಿನವರು, ಕಾಲೇಜು ಹುಡುಗಿಯರು ಒಟ್ಟಿಗೆ ನಿಲ್ಲುತ್ತಾರೆ. ಸರಿದು ಅಪರಿಚಿತರಿಗೆ ಜಾಗ ಕೊಡುವುದು, ಬೈಟು ಕಾಫಿ ಹಂಚಿಕೊಳ್ಳುವುದು, ತಟ್ಟೆಯನ್ನು ನಾವೇ ಎತ್ತಿಡುವುದು, ನಗರದಲ್ಲಿ ಬಾಳುವ ಈ ಪಾಠಗಳನ್ನು ನಾನು ಕಲಿತದ್ದು ಇಲ್ಲೇ. ಊರಿಗೆ ಹೊಸದಾಗಿ ಬಂದವರನ್ನು ಮೊದಲು ಕರೆದೊಯ್ಯುವುದೂ ಇಲ್ಲಿಗೇ.