128ನ್ನು 2ರಿಂದ ಗುಣಿಸಿದರೆ

ಸಿರುಗುಪ್ಪದ ಅಕ್ಕಿ ಅಂಗಡಿಯ ಗಲ್ಲಾಪೆಟ್ಟಿಗೆಗೋ ಕುರುಗೋಡಿನ ಚಹಾದಂಗಡಿಯ ಗಾಜಿಗೋ ಅಂಟಿಸಿದ ಕ್ಯೂಆರ್ ಚೀಟಿ ಬಿಸಿಲಿಗೆ ಮಾಸಿರುತ್ತದೆ, ಮೇಲೊಂದು ಎಣ್ಣೆಕಲೆಯೂ ಬಿದ್ದಿರುತ್ತದೆ. ಆದರೂ ಮೊಬೈಲ್ ಹಿಡಿದರೆ ದುಡ್ಡು ಸರಿಯಾದ ಖಾತೆಗೇ ಹೋಗುತ್ತದೆ. ಅಳಿಸಿಹೋದ ಚುಕ್ಕಿಗಳನ್ನು ಮತ್ತೆ ಕಟ್ಟಿಕೊಡುವುದು ರೀಡ್-ಸಾಲೊಮನ್ ಸಂಕೇತ. ಅದರ ಲೆಕ್ಕ ನಡೆಯುವುದು 256 ಅಂಶಗಳ ಪರಿಮಿತ ಕ್ಷೇತ್ರದಲ್ಲಿ. ಮಾಹಿತಿಯನ್ನು ಗುಟ್ಟಾಗಿಡಲು ಜಗತ್ತೆಲ್ಲ ಬಳಸುವ, 2001ರಲ್ಲಿ ಅಮೆರಿಕದ ಮಾನಕವಾದ ಎಇಎಸ್ ಕೂಡ 256 ಅಂಶಗಳ ಕ್ಷೇತ್ರದಲ್ಲೇ ಕೆಲಸ ಮಾಡುತ್ತದೆ. ಹಾಗಾದರೆ ಎರಡೂ ಒಂದೇ ಕ್ಷೇತ್ರವೇ? ಹೌದು, ಅಷ್ಟೇ ಅಂಶಗಳ ಕ್ಷೇತ್ರಗಳೆಲ್ಲ ಪರಸ್ಪರ ಸಮರೂಪ ಎನ್ನುತ್ತದೆ ಪಠ್ಯಪುಸ್ತಕ. ಬೀಜಗಣಿತದ ತಂತ್ರಾಂಶಗಳ ಬಗ್ಗೆ ನನ್ನ ತಕರಾರು ಹುಟ್ಟುವುದು ಈ ‘ಹೌದು’ ಎಂಬಲ್ಲಿಯೇ. 256 ಅಂಶಗಳ ಕ್ಷೇತ್ರ ಬೇಕೆಂದರೆ ಸೇಜ್ ಎಂಬ ತಂತ್ರಾಂಶ ಒಂದೇ ಸಾಲಿಗೆ ಕೊಟ್ಟುಬಿಡುತ್ತದೆ. ಯಾವ ಬಹುಪದೋಕ್ತಿಯಿಂದ ಭಾಗಿಸಿ ಶೇಷ ತೆಗೆಯುತ್ತಿದೆ ಎಂಬುದನ್ನು ಮಾತ್ರ ಕೇಳಿದರಷ್ಟೇ ಹೇಳುತ್ತದೆ.

ಕೇಳಲೇಬೇಕು. ಕ್ಯೂಆರ್‌ನ ಬಹುಪದೋಕ್ತಿಯ ಸಹಗುಣಕಗಳನ್ನು ದ್ವಿಮಾನದಲ್ಲಿ ಓದಿದರೆ 285, ಎಇಎಸ್‌ನದು 283. 128ನ್ನು 2ರಿಂದ ಗುಣಿಸಿ: ಮೊದಲನೆಯದರಲ್ಲಿ 29 ಬರುತ್ತದೆ, ಎರಡನೆಯದರಲ್ಲಿ 27. ಕ್ಯೂಆರ್ ಕ್ಷೇತ್ರದಲ್ಲಿ 2ರ ಘಾತಗಳು ಸೊನ್ನೆ ಬಿಟ್ಟು ಉಳಿದ 255 ಅಂಶಗಳನ್ನೂ ಮುಟ್ಟಿ ಬರುತ್ತವೆ. ಎಇಎಸ್‌ನಲ್ಲಿ 51 ಹೆಜ್ಜೆಗೇ 1ಕ್ಕೆ ಮರಳಿ, 204 ಅಂಶ ಕೈತಪ್ಪುತ್ತವೆ. ಅಲ್ಲಿ ಜನಕವಾಗಿ 3ನ್ನು ಹಿಡಿಯಬೇಕು. ಸೇಜ್ ತಾನಾಗಿ ಆರಿಸುವುದು ಕಾನ್ವೇ ಬಹುಪದೋಕ್ತಿಯನ್ನು, ಅಂದರೆ 285ನ್ನು. ಅದನ್ನೇ ನಂಬಿ ಎಇಎಸ್ ಬರೆಯಲು ಕೂತವರಿಗೆ ಯಂತ್ರ ಎಲ್ಲಿಯೂ ತಪ್ಪೆನ್ನುವುದಿಲ್ಲ, ಉತ್ತರ ಮಾತ್ರ ಮಾನಕಕ್ಕೆ ತಾಳೆಯಾಗುವುದಿಲ್ಲ. ಸಮರೂಪವಾದ ಮೇಲೆ ವ್ಯತ್ಯಾಸವೇನು ಎನ್ನುವವರಿಗೆ ಹೇಳುವುದಿಷ್ಟೆ: ಸಮರೂಪತೆ ರಚನೆಯದು, ತಂತಿಯಲ್ಲಿ ಹರಿಯುವುದು ಬೈಟು. ಒಂದರಿಂದ ಇನ್ನೊಂದಕ್ಕೆ ದಾಟಿಸುವ ನಕ್ಷೆಯನ್ನು ಯಾರಾದರೂ ಬರೆದಿಟ್ಟಿರಬೇಕು.

ಕಾನ್ವೇ ಆಯ್ಕೆಗೂ ಬಲವಾದ ಕಾರಣವಿದೆ, ಅದನ್ನು ಒಪ್ಪುತ್ತೇನೆ. 4 ಅಂಶಗಳ ಕ್ಷೇತ್ರ 16ರದ್ದರೊಳಗೆ, 16ರದ್ದು 256ರದ್ದರೊಳಗೆ ಜನಕಗಳ ಸಮೇತ ಹೊಂದಿಕೊಂಡು ಕೂರುವುದು ಅದರಿಂದಲೇ. ಗ್ಯಾಪ್ ಎಂಬ ಇನ್ನೊಂದು ತಂತ್ರಾಂಶ ಕೂಡ ಅದನ್ನೇ ನೆಚ್ಚಿದೆ. ಬೇರೆ ಬಹುಪದೋಕ್ತಿ ಬೇಕೆಂದರೆ ಸೇಜ್ ಅಡ್ಡಿಪಡಿಸುವುದೂ ಇಲ್ಲ. ಹೊಸಬರನ್ನು ಆರಂಭದಲ್ಲೇ ಬಹುಪದೋಕ್ತಿಯಿಂದ ಹೆದರಿಸುವುದೇಕೆ ಎಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಸರಣಿ ಭಾಗಾಕಾರದ ವಿಧಾನವಾದ ಕುಟ್ಟೀಕಾರವನ್ನು ಕಲಿಸಿದ್ದು ಭಾಗಾಕಾರದ ಒಂದೊಂದೇ ಹೆಜ್ಜೆ ಕಾಣುವಂತೆ. ತಂತ್ರಾಂಶ ಇಂದು ವಿಲೋಮ ಹುಡುಕುವುದೂ ಬಹುಮಟ್ಟಿಗೆ ಅದೇ ಸರಣಿ ಭಾಗಾಕಾರದಿಂದ. ಭಾಗಿಸುವುದು ಯಾವುದರಿಂದ ಎಂದು ಗೊತ್ತಿಲ್ಲದೆ ಆ ಸರಣಿಯ ಮೊದಲ ಸಾಲನ್ನೂ ಬರೆಯಲಾಗದು. ಬಳ್ಳಾರಿಯ ತರಗತಿಯೊಂದರಲ್ಲಿ ಬಹುಪದೋಕ್ತಿ ಹೇಳದೆ, 256 ಅಂಶಗಳ ಕ್ಷೇತ್ರದಲ್ಲಿ 2ರ ವಿಲೋಮವೇನು ಎಂದು ಪ್ರಶ್ನೆ ಹಾಕಿದರೆ, 142 ಎಂದು ಬರೆದವರಿಗೂ 141 ಎಂದು ಬರೆದವರಿಗೂ ಪೂರ್ತಿ ಅಂಕ ಕೊಡಬೇಕಾಗುತ್ತದೆ.