ಲವಣರಾಜನ ಅತ್ತೆ

ಯೋಗವಾಸಿಷ್ಠದ ಉತ್ಪತ್ತಿ ಪ್ರಕರಣದಲ್ಲಿ ಬರುವ ಲವಣರಾಜನ ಕಥೆಯನ್ನು ವಾಚಕರಲ್ಲಿ ಅನೇಕರು ಊರಿನಲ್ಲಿ ಹಿರಿಯರಿಂದಲೋ ಇಲ್ಲಿ ಮುಂಬಯಿಯ ಪ್ರವಚನಗಳಲ್ಲೋ ಕೇಳಿರಬಹುದು. ನಾವೂ ಹಾಗೆ ಕೇಳಿದವರೇ. ಈಚೆಗೆ ಕಥೆಯನ್ನು ಪೂರ್ತಿಯಾಗಿ ಓದಿದಾಗ, ಪ್ರವಚನಕಾರರು ಅರ್ಧವನ್ನಷ್ಟೇ ನಮಗೆ ಬಡಿಸಿದ್ದರೆಂದು ತಿಳಿಯಿತು.

ಹರಿಶ್ಚಂದ್ರನ ವಂಶದ ಲವಣನ ಆಸ್ಥಾನಕ್ಕೆ ಒಬ್ಬ ಐಂದ್ರಜಾಲಿಕ ಬಂದು ನವಿಲುಗರಿಯ ಕುಂಚ ಬೀಸುತ್ತಾನೆ. ಎದುರಿಗೆ ಬಂದ ಕುದುರೆಯೊಂದನ್ನು ನೋಡುತ್ತಲೇ ರಾಜ ಕುಳಿತಲ್ಲೇ ಕಲ್ಲಿನಂತಾಗುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ನಡುಗುತ್ತ ಎಚ್ಚೆತ್ತು ತನ್ನ ಕಥೆ ಹೇಳುತ್ತಾನೆ. ಕುದುರೆ ಅವನನ್ನು ಕಾಡಿಗೆ ಹೊತ್ತೊಯ್ದಿತಂತೆ. ಹಸಿದು ಸಾಯುವಂತಾದಾಗ, ತಂದೆಗೆ ಬುತ್ತಿ ಒಯ್ಯುತ್ತಿದ್ದ ಚಂಡಾಲ ಹುಡುಗಿಯೊಬ್ಬಳು ಮದುವೆಯಾಗುವೆನೆಂದರೆ ಮಾತ್ರ ಅನ್ನ ಕೊಡುವೆನೆಂದಳಂತೆ. ಮದುವೆಯಾಯಿತು, ಮಕ್ಕಳಾದವು, ಮುಪ್ಪು ಬಂದಿತು, ಬರ ಬಿದ್ದಿತು. ಕಿರಿಯ ಮಗು ಹಸಿವೆಯಿಂದ ಅತ್ತಾಗ, ತನ್ನ ಮಾಂಸವನ್ನಾದರೂ ತಿನ್ನಲಿ ಎಂದು ಅವನು ಬೆಂಕಿಗೆ ಹಾರಲು ಹೋದ. ಅಷ್ಟರಲ್ಲಿ ಎಚ್ಚರವಾಯಿತು.

ಪ್ರವಚನ ಇಲ್ಲಿಗೆ ಮುಗಿಯುತ್ತದೆ. ಜಗತ್ತೂ ಹೀಗೆಯೇ ಕನಸು, ಮಂಗಳಾರತಿ, ಪ್ರಸಾದ.

ವಿಜ್ಞಾನ ಓದಿದ ನಮಗೆ ಮೊದಲು ಕಾಡಿದ್ದು ಕಾಲದ ಲೆಕ್ಕ. ಅಷ್ಟು ಹೊತ್ತಿನಲ್ಲಿ ಒಂದು ಜೀವಮಾನದ ಕನಸು ಹೇಗೆ ಹಿಡಿಸೀತು? 1957ರಲ್ಲಿ ಅಮೆರಿಕದ ಡಿಮೆಂಟ್ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು, ಮಲಗಿದವರ ಕಣ್ಣುಗುಡ್ಡೆ ಚಲಿಸತೊಡಗಿದ 5 ಅಥವಾ 15 ನಿಮಿಷಗಳ ಮೇಲೆ ಅವರನ್ನು ಎಬ್ಬಿಸಿ, ಎಷ್ಟು ಹೊತ್ತು ಕನಸು ಕಂಡಿರೆಂದು ಕೇಳಿದರು. ಹೆಚ್ಚಿನವರು ಸರಿಯಾಗಿಯೇ ಹೇಳಿದರು. ಅಂದರೆ ಕನಸಿನ ಗಡಿಯಾರ ನಮ್ಮ ಗೋಡೆಯ ಗಡಿಯಾರಕ್ಕಿಂತ ಅಷ್ಟೇನೂ ಬೇರೆಯಲ್ಲ.

ಹಾಗಾದರೆ ಲವಣನ ವರ್ಷಗಳು ಎಲ್ಲಿಂದ ಬಂದವು? ಫ್ರಾನ್ಸಿನ ಮೋರಿ ಎಂಬ ವಿದ್ವಾಂಸ 1861ರ ತನ್ನ ಪುಸ್ತಕದಲ್ಲಿ ಬರೆದ ಕನಸು ಇಲ್ಲಿ ನೆರವಾಗುತ್ತದೆ. ಅವನು ಕನಸಿನಲ್ಲಿ ಫ್ರೆಂಚ್ ಕ್ರಾಂತಿಯ ನ್ಯಾಯಸ್ಥಾನದಲ್ಲಿ ವಿಚಾರಣೆಗೊಳಗಾಗಿ, ವಧಾಸ್ಥಾನಕ್ಕೆ ಹೋಗಿ, ಗಿಲೊಟಿನ್ನಿಗೆ ತಲೆಯೊಡ್ಡಿದ. ಎಚ್ಚೆತ್ತು ನೋಡಿದರೆ ಮಂಚದ ಪಟ್ಟಿಯೊಂದು ಕುತ್ತಿಗೆಯ ಮೇಲೆ ಬಿದ್ದಿತ್ತು! 1900ನೆಯ ಇಸವಿಯ ಮುದ್ರೆಯೊಂದಿಗೆ ಬಂದ ತನ್ನ ಗ್ರಂಥದಲ್ಲಿ ಫ್ರಾಯ್ಡ್ ಇದನ್ನು ಚರ್ಚಿಸಿ, ಆ ಕಥೆಯೆಲ್ಲ ಮೊದಲೇ ಮನಸ್ಸಿನಲ್ಲಿ ಸಿದ್ಧವಾಗಿದ್ದು, ಪೆಟ್ಟು ಬಿದ್ದೊಡನೆ ಇಡಿಯಾಗಿ ಎದ್ದಿರಬೇಕೆಂದ. ಲವಣನಿಗೂ ಅಷ್ಟೇ ಸಾಕು. ಐಂದ್ರಜಾಲಿಕ ಅವನಿಗೆ ಅಷ್ಟೊಂದು ವರ್ಷಗಳನ್ನು ಕೊಡಬೇಕಾಗಿಲ್ಲ. ಕೊನೆಯ ಬೆಂಕಿಯನ್ನೂ, ಹಿಂದೆ ಅಷ್ಟು ವರ್ಷ ಬಾಳಿದ ನೆನಪನ್ನೂ ಕೊಟ್ಟರಾಯಿತು. ಕನಸು ಕಾಣುವಾಗ ಹಣೆಯ ಹಿಂದಿನ ಮಿದುಳಿನ ಭಾಗಗಳು ಮಂದವಾಗಿರುತ್ತವೆಂದು 1990ರ ದಶಕದ ಮಿದುಳು ಚಿತ್ರಗಳು ತೋರಿಸಿವೆ. ನೆನಪನ್ನು ದಾಖಲೆಯೊಂದಿಗೆ ತಾಳೆ ನೋಡುವ ಗುಮಾಸ್ತ ಆಗ ರಜೆಯಲ್ಲಿರುತ್ತಾನೆ ಎನ್ನಬಹುದು.

ನಮಗೂ ಇಂಥದೊಂದು ಕನಸು ಬೀಳುತ್ತದೆ. ಹನ್ನೊಂದು ವರ್ಷಗಳ ಹಿಂದೆ ಧಾರವಾಡದಲ್ಲಿ ನಮ್ಮ ತಂದೆ ತೀರಿಕೊಂಡಾಗ ನಾವು ಇನ್ನೂ ರೈಲಿನಲ್ಲಿದ್ದೆವು. ಕನಸಿನಲ್ಲಿ ತಂದೆ ಕಾಣಿಸಿಕೊಳ್ಳುವುದಿಲ್ಲ. ಆಂಟಾಪ್ ಹಿಲ್ಲಿನ ಕ್ವಾರ್ಟರ್ಸಿನಲ್ಲಿ ಕುಳಿತು ಯಾವುದೋ ಕಡತ ನೋಡುತ್ತಿರುತ್ತೇವೆ. ಆಗ, ಹಳೆಯ ಸಂಗತಿಯೊಂದು ಮನಸ್ಸಿಗೆ ಬಂದಂತೆ, ಆ ರಾತ್ರಿ ತಂದೆಯ ಬಾಯಿಗೆ ನೀರು ಬಿಟ್ಟದ್ದು ನೆನಪಾಗುತ್ತದೆ. ಅದರಲ್ಲಿ ಆಶ್ಚರ್ಯವೆನ್ನುವುದೇ ಇಲ್ಲ, ಎಂದಿನಿಂದಲೂ ತಿಳಿದ ಮಾತಿನಂತೆ. ಎದ್ದ ಮೇಲೂ ಮುಖ ತೊಳೆಯುವವರೆಗೆ ಅದು ನಿಜವಾಗಿಯೇ ಇರುತ್ತದೆ.

ಆದ್ದರಿಂದಲೇ ಪ್ರವಚನಕಾರರು ಬಿಟ್ಟ ಉಳಿದರ್ಧ ನಮಗೆ ಮುಖ್ಯವೆನಿಸಿತು. ಮರುದಿನ ಲವಣ ಸುಮ್ಮನೆ ಸಿಂಹಾಸನದಲ್ಲಿ ಕೂರುವುದಿಲ್ಲ. ಪರಿವಾರದೊಂದಿಗೆ ವಿಂಧ್ಯಕ್ಕೆ ಹೊರಡುತ್ತಾನೆ. ಅಲ್ಲಿ ಅದೇ ಹಳ್ಳಿಯಿದೆ, ಬರ ಸುಟ್ಟ ಅದೇ ಕಾಡಿದೆ. ಒಬ್ಬ ಮುದುಕಿ ಅಳುತ್ತಿದ್ದಾಳೆ: ಯಾವನೋ ರಾಜ ಬಂದು ಮಗಳ ಕೈಹಿಡಿದನೆಂದು, ಬರದಲ್ಲಿ ಎಲ್ಲರೂ ಹೋದರೆಂದು. ಅವಳೇ ಅವನ ಅತ್ತೆ. ರಾಜ ಅವಳನ್ನು ಸಂತೈಸಿ ಮರಳುತ್ತಾನೆ.

ಇದು ಹೇಗೆಂದು ರಾಮ ಕೇಳುತ್ತಾನೆ. ವಸಿಷ್ಠರು ಕೊಡುವ ಉತ್ತರ ಒಂದಲ್ಲ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಹೊಂದಿಕೆಯಾದಂತೆ ಎನ್ನುತ್ತಾರೆ. ಒಂದೇ ಭ್ರಾಂತಿ ಹಲವು ಮನಸ್ಸುಗಳಲ್ಲಿ ಮೂಡಬಹುದೆನ್ನುತ್ತಾರೆ. ಲವಣ ಮನಸ್ಸಿನಲ್ಲಿಯೇ ರಾಜಸೂಯ ಮಾಡಿದ್ದರ ಫಲವಿದು ಎಂದೂ ಹೇಳುತ್ತಾರೆ. ಈ ಕೊನೆಯ ಕಾರಣ ನಮಗೆ ತೀರ ಸಪ್ಪೆಯೆನಿಸಿತು. ದುಃಖಕ್ಕೆ ಹೇಗಾದರೂ ಒಂದು ಲೆಕ್ಕ ತೋರಿಸಲು ತೇಪೆ ಹಚ್ಚಿದಂತಿದೆ. ಆದರೆ ಇಷ್ಟೆಲ್ಲ ವಿವರಣೆಯ ನಡುವೆಯೂ ಕವಿ ಆ ಮುದುಕಿಯನ್ನು ಅಳಿಸಿಹಾಕಲಿಲ್ಲ. ಸುಳ್ಳು ನೆನಪು ಎಂದಮಾತ್ರಕ್ಕೆ ಅದರ ದುಃಖವೂ ಸುಳ್ಳೆಂದು ಹೇಳಲು ಅವನಿಗೆ ಮನಸ್ಸು ಬರಲಿಲ್ಲವೆಂದು ನಮ್ಮ ಊಹೆ. ಪ್ರವಚನಕಾರರು ಮಾತ್ರ ಅವಳನ್ನು ಬಿಟ್ಟು ಬಹಳ ಸುಲಭವಾಗಿ ದಾಟುತ್ತಾರೆ.

ಕಳೆದ ದೀಪಾವಳಿಗೆ ಧಾರವಾಡಕ್ಕೆ ಹೋದಾಗ ನಮ್ಮ ಅಕ್ಕನಿಗೆ ಕನಸಿನ ವಿಷಯ ತಿಳಿಸಿದೆವು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: “ನೀರು ಬಿಟ್ಟಾಕಿ ನಾನು. ಅಪ್ಪಗ ಕಣ್ಣು ಕಾಣ್ತಿರಲಿಲ್ಲ. ನೀ ಬಂದೀಯೇನು ಅಂತ ಕೇಳಿದ್ರು. ಬಂದಾನ, ನೀರು ಅವನ ಬಿಡಾಕತ್ತಾನ ಅಂದೆ.”